ಕಾರ್ಬನ್ ಮಿತಿ ಕಾನೂನಿನ ಖರ್ಚು ಯಾರ ತಲೆಗೆ? ಲೆಕ್ಕ ಹಾಕುವುದು ಹೀಗೆ

ಹವಾಮಾನ ಕೆಡದಂತೆ ತಡೆಯಲು ಸರ್ಕಾರಗಳು ತರುವ ಕಾನೂನುಗಳಲ್ಲಿ ‘ಕ್ಯಾಪ್ ಅಂಡ್ ಟ್ರೇಡ್’ ಒಂದು. ವಿದ್ಯುತ್ ಸ್ಥಾವರ, ಕಾರ್ಖಾನೆ ಎಲ್ಲ ಸೇರಿ ವರ್ಷಕ್ಕೆ ಇಷ್ಟೇ ಟನ್ ಇಂಗಾಲದ ಡೈಆಕ್ಸೈಡ್ ಬಿಡಬಹುದು ಎಂದು ಸರ್ಕಾರ ಮಿತಿ ಹಾಕುತ್ತದೆ. ಟನ್ನಿಗೊಂದು ಪರ್ಮಿಟ್. ಉಳಿದರೆ ಮಾರಬಹುದು, ಸಾಲದಿದ್ದರೆ ಕೊಳ್ಳಬೇಕು.

ಕೇಳಲು ಸರಳ. ಆದರೆ ಇದರ ಖರ್ಚೆಷ್ಟು ಎಂದರೆ ಒಬ್ಬೊಬ್ಬರದು ಒಂದೊಂದು ಅಂಕಿ. ಅವನ್ನು ಓದುವ ಕ್ರಮ ತಿಳಿಯಲು, ಇಂಥದ್ದೇ ಮಿತಿ ಹಾಕಲು ಹೊರಟಿದ್ದ ಅಮೆರಿಕದ ವ್ಯಾಕ್ಸ್‌ಮನ್–ಮಾರ್ಕಿ ಮಸೂದೆ ಒಳ್ಳೆಯ ಉದಾಹರಣೆ. 2009ರ ಜೂನ್‌ನಲ್ಲಿ ಅದು ಕೆಳಮನೆಯಲ್ಲಿ 219–212 ಮತಗಳಿಂದ ಪಾಸಾಯಿತು. ಸೆನೆಟ್‌ನಲ್ಲಿ ಮತಕ್ಕೇ ಬರಲಿಲ್ಲ. ಖರ್ಚಿನ ಬಗ್ಗೆ ಮಾತ್ರ ದೊಡ್ಡ ಜಗಳವೇ ನಡೆಯಿತು.

ಹಂತ 1: ಪರ್ಮಿಟ್ ಬೆಲೆಯನ್ನು ಕರೆಂಟ್ ಬಿಲ್ಲಿಗೆ ಇಳಿಸಿ

ಕಲ್ಲಿದ್ದಲಿನಿಂದ ಒಂದು ಯೂನಿಟ್ ವಿದ್ಯುತ್ ತಯಾರಾದರೆ ಸುಮಾರು ಒಂದು ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. 2020ರಲ್ಲಿ ಪರ್ಮಿಟ್ ಬೆಲೆ ಟನ್ನಿಗೆ 28 ಡಾಲರ್ ಇರಬಹುದು ಎಂದು ಅಮೆರಿಕ ಸಂಸತ್ತಿನ ಬಜೆಟ್ ಕಚೇರಿ (ಸಿಬಿಒ) ಅಂದಾಜು ಮಾಡಿತ್ತು. ಅಂದರೆ ಯೂನಿಟ್ಟಿಗೆ 2.8 ಸೆಂಟ್. ಅಲ್ಲಿನ ಮನೆಯೊಂದು ತಿಂಗಳಿಗೆ ಸುಮಾರು 900 ಯೂನಿಟ್ ಉರಿಸುತ್ತದೆ. ಪರಿಹಾರ ಏನೂ ಸಿಗದಿದ್ದರೆ ತಿಂಗಳಿಗೆ ಹತ್ತಿರ ಹತ್ತಿರ 25 ಡಾಲರ್ ಜಾಸ್ತಿ.

ಇದು ಪೂರ್ತಿ ಕಲ್ಲಿದ್ದಲಿನ ಕರೆಂಟ್ ಬಳಸುವ ಮನೆಯ ಲೆಕ್ಕ. ಆಗ ವೆಸ್ಟ್ ವರ್ಜೀನಿಯಾದಲ್ಲಿ ಹೆಚ್ಚುಕಡಿಮೆ ಎಲ್ಲ ವಿದ್ಯುತ್ತೂ ಕಲ್ಲಿದ್ದಲಿನದೇ. ವಾಷಿಂಗ್ಟನ್ ರಾಜ್ಯದಲ್ಲಿ ಬಹುಪಾಲು ಜಲವಿದ್ಯುತ್. ಕಾನೂನು ಒಂದೇ, ಹೊರೆ ಬೇರೆ ಬೇರೆ.

ಹಂತ 2: ಒಟ್ಟು ಖರ್ಚೋ, ನಿವ್ವಳ ಖರ್ಚೋ ಕೇಳಿ

ಮನೆಗೆ ವರ್ಷಕ್ಕೆ 3,100 ಡಾಲರ್ ಬೀಳುತ್ತದೆ ಎಂದು ರಿಪಬ್ಲಿಕನ್ ನಾಯಕರು ಹೇಳುತ್ತಾ ಹೋದರು. ಇದರ ಮೂಲ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ 2007ರ ಅಧ್ಯಯನ. ಅದರಲ್ಲಿದ್ದ, ಪರ್ಮಿಟ್‌ನಿಂದ ಬರುವ ಒಟ್ಟು ಹಣವನ್ನು ಈ ನಾಯಕರು ಮನೆಗಳ ಸಂಖ್ಯೆಯಿಂದ ಭಾಗಿಸಿಬಿಟ್ಟಿದ್ದರು. ಆ ಹಣ ದೇಶದೊಳಗೇ ಯಾರದ್ದಾದರೂ ಕೈಗೆ ವಾಪಸ್ ಬರುತ್ತದಲ್ವಾ? ಅದನ್ನು ಕಳೆದೇ ಇರಲಿಲ್ಲ. ಅಧ್ಯಯನ ಮಾಡಿದವರಲ್ಲಿ ಒಬ್ಬರಾದ ಜಾನ್ ರೈಲಿ ಪತ್ರ ಬರೆದು ಇದು ತಪ್ಪು ಎಂದರು.

ಸಿಬಿಒ ಲೆಕ್ಕ ಇದಕ್ಕಿಂತ ನಂಬಬಹುದಾದದ್ದು: 2020ಕ್ಕೆ ಮನೆಯೊಂದಕ್ಕೆ ಒಟ್ಟು ಖರ್ಚು ಸುಮಾರು 890 ಡಾಲರ್, ವಾಪಸ್ ಬರುವುದನ್ನು ಕಳೆದರೆ 175. ಹವಾಮಾನ ಹಾನಿ ತಪ್ಪುವುದರ ಲಾಭವನ್ನು ಇದರಲ್ಲಿ ಸೇರಿಸಿಲ್ಲ ಎಂಬುದೂ ನೆನಪಿರಲಿ.

ಹಂತ 3: ಪುಕ್ಕಟೆ ಪರ್ಮಿಟ್ ಯಾರಿಗೆ?

ಈ ಕಾನೂನುಗಳ ನಿಜವಾದ ದೋಷ ಇರುವುದು ಇಲ್ಲಿ. ಇಲ್ಲಿ ಸ್ವಲ್ಪ ನಿಧಾನಿಸಿ ಓದಿ.

ವ್ಯಾಕ್ಸ್‌ಮನ್–ಮಾರ್ಕಿಯಲ್ಲಿ ಆರಂಭದ ಸುಮಾರು 85% ಪರ್ಮಿಟ್ ಪುಕ್ಕಟೆ ಹಂಚಿಕೆ. ಪುಕ್ಕಟೆ ಕೊಟ್ಟರೆ ಬೆಲೆ ಏರುವುದಿಲ್ಲ ಎಂದು ಅನಿಸುತ್ತದೆ. ಯುರೋಪಿನಲ್ಲಿ ಆದದ್ದೇ ಬೇರೆ. 2005ರಲ್ಲಿ ಅಲ್ಲಿ ಮಾರುಕಟ್ಟೆ ಶುರುವಾದಾಗ ವಿದ್ಯುತ್ ಕಂಪನಿಗಳಿಗೆ ಪರ್ಮಿಟ್ ಪುಕ್ಕಟೆ ಸಿಕ್ಕಿತು. ಆದರೂ ಅವು ಅದರ ಮಾರುಕಟ್ಟೆ ಬೆಲೆಯನ್ನು ಕರೆಂಟ್ ದರಕ್ಕೆ ಸೇರಿಸಿದವು. ಯಾಕೆಂದರೆ ಬಳಸದೆ ಮಾರಿದ್ದರೆ ಆ ಪರ್ಮಿಟ್‌ಗೆ ದುಡ್ಡು ಬರುತ್ತಿತ್ತು. ಜರ್ಮನಿ, ಬ್ರಿಟನ್‌ಗಳಲ್ಲಿ ಜನ ಬಿಲ್ ಕಟ್ಟಿದರು, ಲಾಭ ಕಂಪನಿಗಳಿಗೆ ಹೋಯಿತು.

ಅಮೆರಿಕದ ಲೆಕ್ಕದಲ್ಲೂ ಇದರ ಗುರುತಿದೆ. ಮನೆಗಳನ್ನು ಆದಾಯದ ಪ್ರಕಾರ ಐದು ಗುಂಪು ಮಾಡಿ ಸಿಬಿಒ ನೋಡಿತು. ತೀರಾ ಬಡ ಗುಂಪಿಗೆ ವರ್ಷಕ್ಕೆ 40 ಡಾಲರ್ ಲಾಭ. ಅದು ಸರಿಯೇ. ಮಧ್ಯದ ಗುಂಪಿಗೆ 235, ಅದರ ಮೇಲಿನದಕ್ಕೆ 340 ಖರ್ಚು. ಎಲ್ಲರಿಗಿಂತ ಶ್ರೀಮಂತ ಗುಂಪಿಗೆ? ಬರೀ 245. ಕಂಪನಿಗಳ ಷೇರು ಹೆಚ್ಚಾಗಿ ಇರುವುದು ಅವರ ಕೈಯಲ್ಲೇ. ಹೊಗೆ ಕಡಿಮೆಯಾಗಲೇಬೇಕು, ಆ ಬಗ್ಗೆ ನನಗೆ ಎರಡು ಮಾತಿಲ್ಲ. ಅದರ ಹೆಸರಿನಲ್ಲಿ ಸಂಬಳದಾರರ ಹಣ ಷೇರುದಾರರಿಗೆ ಹೋಗುವುದನ್ನು ಮಾತ್ರ ಒಪ್ಪಲಾಗದು. ಪರ್ಮಿಟ್ ಹರಾಜು ಹಾಕಿ, ಬಂದ ಹಣವನ್ನು ಮನೆಗಳಿಗೆ ಸಮನಾಗಿ ಹಂಚುವ ದಾರಿ ಇದೆ.

ಹಂತ 4: ಸರಾಸರಿ ಬಿಟ್ಟು ಊರು ನೋಡಿ

2020ರಲ್ಲಿ ದೇಶದ ಒಟ್ಟು ಉತ್ಪನ್ನ (ಜಿಡಿಪಿ) 0.25ರಿಂದ 0.75% ಕಡಿಮೆಯಾಗಬಹುದು ಎಂದು ಸಿಬಿಒ ನಿರ್ದೇಶಕ ಡಗ್ಲಸ್ ಎಲ್ಮೆಂಡಾರ್ಫ್ 2009ರ ಅಕ್ಟೋಬರ್‌ನಲ್ಲಿ ಸೆನೆಟ್ ಸಮಿತಿಗೆ ತಿಳಿಸಿದರು. ದೇಶಕ್ಕೆ ಇದು ಚಿಕ್ಕದು. ಆದರೆ ಗಣಿಯೊಂದನ್ನೇ ನೆಚ್ಚಿಕೊಂಡ ಊರಿನಲ್ಲಿ ಗಣಿ ಮುಚ್ಚಿದರೆ ಕೆಲಸ, ಅಂಗಡಿ, ಮನೆಯ ಬೆಲೆ ಎಲ್ಲ ಒಟ್ಟಿಗೇ ಬೀಳುತ್ತವೆ. ಮಸೂದೆಯಲ್ಲಿ ಅಂಥವರಿಗೆ ಎಷ್ಟು ಹಣ, ಎಷ್ಟು ವರ್ಷ ಎಂದು ಹುಡುಕಿ.

ಹಂತ 5: ಬೆಲೆ ಎಷ್ಟು ಕುಣಿಯುತ್ತದೆ?

ಯುರೋಪಿನಲ್ಲಿ 2006ರ ಏಪ್ರಿಲ್‌ನಲ್ಲಿ ಪರ್ಮಿಟ್ ಬೆಲೆ 30 ಯೂರೋ ಹತ್ತಿರ ಇತ್ತು. ಅಗತ್ಯಕ್ಕಿಂತ ಹೆಚ್ಚು ಪರ್ಮಿಟ್ ಹಂಚಿದ್ದು ಗೊತ್ತಾದ ಕೂಡಲೇ ಕೆಲವೇ ದಿನಗಳಲ್ಲಿ ಅರ್ಧಕ್ಕಿಳಿಯಿತು. 2007ರ ಕೊನೆಗೆ ಹೆಚ್ಚುಕಡಿಮೆ ಸೊನ್ನೆ. 2023ರ ಫೆಬ್ರುವರಿಯಲ್ಲಿ ಅದೇ ಮಾರುಕಟ್ಟೆಯಲ್ಲಿ 100 ಯೂರೋ ದಾಟಿತು. ಇಪ್ಪತ್ತು ವರ್ಷ ಬಾಳುವ ಕುಲುಮೆಗೆ ದುಡ್ಡು ಹಾಕುವವರು ಯಾವ ಬೆಲೆ ನಂಬಬೇಕು? ಕಾನೂನಿನಲ್ಲಿ ಕನಿಷ್ಠ ಬೆಲೆ ಇದೆಯೇ ನೋಡಿ. ಕಾರ್ಬನ್ ತೆರಿಗೆಯಾದರೆ ಬೆಲೆ ಮೊದಲೇ ಗೊತ್ತಿರುತ್ತದೆ. ಹೊಗೆ ಎಷ್ಟು ಇಳಿಯುತ್ತದೆ ಎಂಬ ಖಾತ್ರಿ ಮಾತ್ರ ಇರುವುದಿಲ್ಲ.

ಹಂತ 6: ಗಡಿಯಾಚೆ ನೋಡಿ

ಒಂದು ಕಡೆ ಮಿತಿ ಹಾಕಿದರೆ ಕಾರ್ಖಾನೆಗಳು ಮಿತಿ ಇಲ್ಲದ ಕಡೆ ಹೋಗಬಹುದು. ಅದನ್ನು ತಡೆಯಲು ಯುರೋಪ್ 2026ರ ಜನವರಿಯಿಂದ ಆಮದಾಗುವ ಉಕ್ಕು, ಅಲ್ಯೂಮಿನಿಯಂ, ಸಿಮೆಂಟ್ ಮುಂತಾದವುಗಳಿಗೂ ಕಾರ್ಬನ್ ಬೆಲೆ ಅನ್ವಯಿಸಿದೆ. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಂಥ ಕಡೆ ಕಲ್ಲಿದ್ದಲು ಉರಿಸಿ ಮಾಡಿದ ಉಕ್ಕು ಅಲ್ಲಿಗೆ ಹೋದರೂ ಈ ಲೆಕ್ಕ ತಪ್ಪಿದ್ದಲ್ಲ.

ಭಾರತ 2023ರಲ್ಲಿ ತನ್ನದೇ ಕಾರ್ಬನ್ ಕ್ರೆಡಿಟ್ ವ್ಯಾಪಾರ ಯೋಜನೆ ಪ್ರಕಟಿಸಿತು. ಇಲ್ಲಿ ಒಟ್ಟು ಹೊಗೆಗೆ ಮಿತಿಯಿಲ್ಲ, ಟನ್ ಉತ್ಪನ್ನಕ್ಕೆ ಇಷ್ಟು ಎಂಬ ಗುರಿ ಇದೆ. ಗುರಿ ಮೀರಿ ಉಳಿಸಿದ ಕಂಪನಿಗೆ ಕ್ರೆಡಿಟ್, ತಪ್ಪಿದ ಕಂಪನಿ ಅದನ್ನು ಕೊಳ್ಳಬೇಕು. ಹಣ ಕಂಪನಿಯಿಂದ ಕಂಪನಿಗೆ ಹೋಗುತ್ತದೆ. ಸಿಮೆಂಟ್ ಚೀಲದ ಬೆಲೆ ಏರಿದರೆ ಕೊಳ್ಳುವವರಿಗೆ ವಾಪಸ್ ಕೊಡಲು ಹರಾಜಿನ ಹಣ ಇರುವುದಿಲ್ಲ. ಇಲ್ಲೂ ಮೂರನೇ ಹಂತದಿಂದಲೇ ಲೆಕ್ಕ ಶುರು ಮಾಡಿ.