ಹುಂಜ ಆರಿಸುವ ಮೊದಲು ಅದರ ತಾಯಿಯನ್ನು ನೋಡಿ: ಮನೆ ಕೋಳಿಗಳ ಬಗ್ಗೆ ನನ್ನ ಅನುಭವ

ಹುಂಜ ಆರಿಸುವಾಗ ಎಲ್ಲರ ಕಣ್ಣು ಹೋಗುವುದು ಬಣ್ಣ, ಬಾಲ, ಗತ್ತಿನ ಕಡೆಗೆ. ನಾನು ನೋಡುವುದು ಅದರ ತಾಯಿಯನ್ನು. ಸಣ್ಣ ಹಿಂಡಿನಲ್ಲಿ ಒಂದೇ ಹುಂಜ ಇದ್ದರೆ ಹುಟ್ಟುವ ಪ್ರತಿ ಮರಿಯಲ್ಲೂ ಅರ್ಧ ಪಾಲು ಅದರದ್ದೇ. ಒಂದು ಹೇಟೆ (ಹೆಣ್ಣು ಕೋಳಿ) ಸರಿಯಿಲ್ಲದಿದ್ದರೆ ಅದರ ಮರಿಗಳಷ್ಟೇ ಕಳಪೆ, ಹುಂಜವೇ ಸರಿಯಿಲ್ಲದಿದ್ದರೆ ಆ ವರ್ಷದ ಮರಿಗಳೆಲ್ಲ ಹಾಗೇ. ಆದರೆ ಹುಂಜ ಮೊಟ್ಟೆ ಇಡಲ್ಲ ಅಲ್ವಾ? ಅದರ ರಕ್ತದಲ್ಲಿ ಮೊಟ್ಟೆ ಇಡುವ ಗುಣ ಎಷ್ಟಿದೆ ಅಂತ ತಿಳಿಯಬೇಕಾದರೆ ತಾಯಿ ಮತ್ತು ಅಕ್ಕತಂಗಿಯರನ್ನೇ ನೋಡಬೇಕು, ಅದರ ಹೆಣ್ಣುಮರಿಗಳು ಬೆಳೆದು ಮೊಟ್ಟೆ ಇಡುವ ತನಕ ಬೇರೆ ದಾರಿ ಇಲ್ಲ.

ಅದಕ್ಕೇ ಯಾವ ಮರಿ ಯಾರದ್ದು ಅಂತ ಗುರುತು ಇಡುತ್ತೇನೆ. ಹತ್ತಿಪ್ಪತ್ತು ಕೋಳಿ ಇರುವಲ್ಲಿ ಇದೇನೂ ಕಷ್ಟ ಅಲ್ಲ. ಪ್ರತಿ ಹೇಟೆಯ ಮೊಟ್ಟೆಗೂ ಅದರದ್ದೇ ಆಕಾರ, ಬಣ್ಣ ಇರುತ್ತದೆ, ಸ್ವಲ್ಪ ದಿನ ಗೂಡಿನ ಕಡೆ ಗಮನ ಇಟ್ಟರೆ ಗೊತ್ತಾಗುತ್ತದೆ. ಮೊಟ್ಟೆ ಮೇಲೆ ಪೆನ್ಸಿಲ್‌ನಲ್ಲಿ ಗುರುತು, ಮರಿಯ ಕಾಲಿಗೆ ಬಣ್ಣದ ಉಂಗುರ. ಮರಿ ಬೆಳೆದಂತೆ ಉಂಗುರ ಬದಲಿಸುತ್ತಿರಬೇಕು, ಇಲ್ಲವಾದರೆ ಕಾಲಿಗೆ ಕಚ್ಚಿಕೊಳ್ಳುತ್ತದೆ.

ಹೇಟೆಯನ್ನು ಕಣ್ಣಿಂದ ನೋಡಿದರೆ ಸಾಲದು, ಕೈಯಲ್ಲಿ ಹಿಡಿದು ನೋಡಬೇಕು. ರಾತ್ರಿ ಕೋಲಿನ ಮೇಲೆ ಕೂತಿರುವಾಗ ಹಿಡಿದರೆ ಗಲಾಟೆ ಇಲ್ಲ. ಹಿಂಬದಿಯಲ್ಲಿ ಮೊಟ್ಟೆ ಬರುವ ದ್ವಾರದ ಎರಡೂ ಪಕ್ಕ ಎರಡು ಚೂಪು ಮೂಳೆ ಸಿಗುತ್ತವೆ. ಮೊಟ್ಟೆ ಇಡುತ್ತಿರುವ ಕೋಳಿಯಲ್ಲಿ ಅವುಗಳ ನಡುವೆ ಎರಡು ಮೂರು ಬೆರಳು ಹಿಡಿಸುತ್ತವೆ, ಮೂಳೆ ತೆಳುವಾಗಿ ಬಾಗುವಂತಿರುತ್ತದೆ, ಹೊಟ್ಟೆ ಮೆತ್ತಗಿರುತ್ತದೆ, ದ್ವಾರ ಅಗಲ ಮತ್ತು ಒದ್ದೆ. ಒಂದೇ ಬೆರಳು ಹಿಡಿಸಿದರೆ ಅದು ಸದ್ಯಕ್ಕೆ ಸುಮ್ನೆ ಕಾಳು ತಿನ್ನುತ್ತಿದೆ ಅಂತಲೇ ಅರ್ಥ. ಹಳದಿ ಕಾಲಿನ ತಳಿಯಾದರೆ ಇನ್ನೊಂದು ಸುಳಿವು ಇದೆ: ಮೊಟ್ಟೆ ಇಡುತ್ತಾ ಹೋದಂತೆ ಮೈಯ ಹಳದಿ ಕರಗುತ್ತದೆ, ಮೊದಲು ದ್ವಾರದ ಸುತ್ತ, ಆಮೇಲೆ ಕೊಕ್ಕು, ಕೊನೆಗೆ ಕಾಲು. ಕಾಲು ಬಿಳಿಚಿದ್ದರೆ ಅದು ತಿಂಗಳುಗಟ್ಟಲೆ ದುಡಿದ ಕೋಳಿ. ಗರಿ ಉದುರುವ ಕಾಲವನ್ನೂ ನೋಡುತ್ತೇನೆ. ಒಳ್ಳೆಯ ಹೇಟೆ ತಡವಾಗಿ ಗರಿ ಬಿಟ್ಟು ಬೇಗ ಮುಗಿಸುತ್ತದೆ, ಸೋಮಾರಿ ಹೇಟೆ ಬೇಗ ಶುರುಮಾಡಿ ಎಳೆಯುತ್ತಲೇ ಇರುತ್ತದೆ. ಅಂದದ ಕೋಳಿ ಬೇಕು ಅನ್ನುವವರಿಗೆ ಇದು ಹಿಡಿಸಲ್ಲ, ಯಾಕೆಂದರೆ ಜಾಸ್ತಿ ಮೊಟ್ಟೆ ಇಟ್ಟ ಕೋಳಿ ವರ್ಷದ ಕೊನೆಗೆ ಗರಿ ಕಿತ್ತು ಕೆಟ್ಟದಾಗಿ ಕಾಣುತ್ತದೆ.

ಮರಿಗೆ ಇಡುವ ಮೊಟ್ಟೆಯನ್ನು ಆದಷ್ಟು ಎರಡನೇ ವರ್ಷದ ಹೇಟೆಗಳಿಂದಲೇ ತೆಗೆದುಕೊಳ್ಳುತ್ತೇನೆ. ಒಂದು ವರ್ಷ ರೋಗ, ಚಳಿ, ಬಿಸಿಲು ಎಲ್ಲ ದಾಟಿ ನಿಂತಿರುತ್ತವೆ. ಮೊದಲ ಸಲ ಮೊಟ್ಟೆ ಇಡುವ ಪಡ್ಡೆಯ ಮೊಟ್ಟೆ ಸಣ್ಣದು, ಅದರ ಮರಿಯೂ ಸಣ್ಣದು.

ಹುಂಜಗಳನ್ನು ಎರಡು ಸಲ ಆರಿಸುತ್ತೇನೆ. ಎರಡು ತಿಂಗಳಿಗೆ ಸೊಟ್ಟ ಕಾಲು, ಸೊಟ್ಟ ಎದೆಮೂಳೆ, ಕತ್ತರಿಯಂತೆ ಅಡ್ಡಬಿದ್ದ ಕೊಕ್ಕು, ಹಿಂದೆ ಬಿದ್ದ ಮರಿ ಎಲ್ಲವೂ ಹೊರಗೆ. ಐದಾರು ತಿಂಗಳಿಗೆ ಸ್ವಭಾವ ನೋಡಿ ಕೊನೆಯ ಆಯ್ಕೆ. ಕಾಳು ಸಿಕ್ಕಾಗ ಹೇಟೆಗಳನ್ನು ಕರೆಯುವ ಹುಂಜ ನನಗೆ ಇಷ್ಟ. ಮಕ್ಕಳ ಮೇಲೆ ಏರಿಬರುವ ಹುಂಜ ಎಷ್ಟೇ ಚೆನ್ನಾಗಿದ್ದರೂ ಇಟ್ಟುಕೊಳ್ಳಲ್ಲ. ಒಂದು ಹುಂಜಕ್ಕೆ ಎಂಟು ಹತ್ತು ಹೇಟೆ ಸಾಕು.

ಹುಂಜ ಬದಲಿಸಿದ ಕೂಡಲೇ ಮರಿಗೆ ಅಂತ ಮೊಟ್ಟೆ ಕೂಡಿಡಬೇಡಿ. ಹಳೇ ಹುಂಜದ ಬೀಜ ಹೇಟೆಯ ಮೈಯಲ್ಲಿ ಎರಡು ವಾರಕ್ಕಿಂತ ಜಾಸ್ತಿ ಉಳಿಯಬಹುದು. ನಾನು ಮೂರು ವಾರ ಬಿಡುತ್ತೇನೆ.

ಹತ್ತಿರದ ರಕ್ತ ಸೇರದಂತೆ ಹಿಂಡನ್ನು ಮೂರು ಗುಂಪು ಮಾಡಿದ್ದೇನೆ. ಹೆಣ್ಣುಮಕ್ಕಳು ತಾಯಿಯ ಗುಂಪಿನಲ್ಲೇ ಉಳಿಯುತ್ತವೆ, ಗಂಡುಗಳು ಪ್ರತಿ ವರ್ಷ ಮುಂದಿನ ಗುಂಪಿಗೆ ಹೋಗುತ್ತವೆ. ಒಂದರದ್ದು ಎರಡಕ್ಕೆ, ಎರಡರದ್ದು ಮೂರಕ್ಕೆ, ಮೂರರದ್ದು ಒಂದಕ್ಕೆ. ಇದರಿಂದ ಬಹಳ ವರ್ಷ ಹೊರಗಿನ ಹುಂಜ ಬೇಕಾಗಲ್ಲ. ತಂದರೂ ತಿಂಗಳ ಮಟ್ಟಿಗೆ ಬೇರೆಯೇ ಇಡಬೇಕು, ರೋಗವೂ ಜೊತೆಗೇ ಬರುತ್ತದೆ.

ಮೊಟ್ಟೆ ತೊಳೆಯಲ್ಲ. ತಂಪಾದ ಜಾಗದಲ್ಲಿ ಚೂಪು ತುದಿ ಕೆಳಗೆ ಮಾಡಿ ಇಟ್ಟು, ಒಂದು ವಾರದೊಳಗೆ ಕಾವಿಗೆ ಇಡುತ್ತೇನೆ. 21 ದಿನಕ್ಕೆ ಮರಿ. 7ನೇ ದಿನ ಕತ್ತಲಲ್ಲಿ ಮೊಟ್ಟೆಗೆ ಟಾರ್ಚ್ ಹಿಡಿದು ನೋಡಿ, ಒಳಗೆ ಮರಿ ಬೆಳೆಯದೆ ಖಾಲಿ ಇದ್ದವು ಯಾರದ್ದು ಅಂತ ಬರೆದುಕೊಳ್ಳಿ. ಎಲ್ಲ ಹೇಟೆಗಳದ್ದೂ ಖಾಲಿಯಾದರೆ ಹುಂಜದ ಮೇಲೆ ಅನುಮಾನ, ಒಂದರದ್ದೇ ಆದರೆ ಆ ಹೇಟೆಯ ಮೇಲೆ.

ಇನ್ನು ಉಳಿದವು. ಹುಟ್ಟುವ ಮರಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಗಂಡು, ಅವುಗಳಲ್ಲಿ ನಮಗೆ ಬೇಕಾಗುವುದು ಕೆಲವೇ. ಉಳಿದವನ್ನು ಏನು ಮಾಡುತ್ತೀರಿ ಅಂತ ಮೊಟ್ಟೆ ಕಾವಿಗೆ ಇಡುವ ಮೊದಲೇ ಯೋಚಿಸಿ. ನಾನು ಬೇಡ ಅಂದ ಹೇಟೆಗಳನ್ನು ಯಾರಾದರೂ ಕೇಳಿದರೆ ಮೊಟ್ಟೆಗೆ ಮಾತ್ರ, ಮರಿ ಮಾಡಿಸಬೇಡಿ ಅಂತ ಹೇಳಿಯೇ ಕೊಡುತ್ತೇನೆ. ಕೇಳುವವರು ಕಡಿಮೆ.