ಡಿಸ್ನಿ ವರ್ಲ್ಡ್‌ನ ಐದು ಸಂಜೆಗಳಿಗೆ ನಾನು ಊಟ ಹೊಂದಿಸಿದ ಬಗೆ

ಫ್ಲಾರಿಡಾದ ಆರ್ಲ್ಯಾಂಡೊ ಬಳಿಯ ವಾಲ್ಟ್ ಡಿಸ್ನಿ ವರ್ಲ್ಡ್‌ಗೆ ನಾವು ಎರಡು ಸಲ ಹೋಗಿದ್ದೇವೆ. ಮೊದಲ ಸಲ ಮಗಳಿಗೆ ಐದು ವರ್ಷ. ಯಾವ ರೈಡಿಗೆ ಎಷ್ಟು ಹೊತ್ತಿಗೆ ಹೋಗಬೇಕೆಂಬ ಪಟ್ಟಿ ನನ್ನ ಕೈಯಲ್ಲಿತ್ತು, ಆದರೆ ಎಲ್ಲಿ ಕುಳಿತು ಏನು ಉಣ್ಣುವುದು ಎಂಬುದನ್ನು ನಾನು ಯೋಚಿಸಿರಲೇ ಇಲ್ಲ. ಸಂಜೆ ಏಳೂವರೆಯ ಹೊತ್ತಿಗೆ ಎಲ್ಲಿಯೂ ಮೇಜು ಸಿಗದೆ, ಮೂವರೂ ಆಲೂಗಡ್ಡೆಯ ಫ್ರೈಸ್ ತಿಂದು, ಬಾಣಬಿರುಸಿನ ಪ್ರದರ್ಶನಕ್ಕೆ ಕಾಯುವ ತ್ರಾಣವಿಲ್ಲದೆ, ಅಳುವ ಮಗುವನ್ನು ಹೆಗಲಿಗೆ ಹಾಕಿಕೊಂಡು ಹಿಂದಿರುಗಿದೆವು. ಅದೇ ಪ್ರದರ್ಶನವನ್ನು ನೋಡಲೆಂದೇ ಅಷ್ಟು ದೂರ ಹೋಗಿದ್ದೆವು.

ಎರಡನೆಯ ಸಲ ಮಗಳಿಗೆ ಒಂಬತ್ತು ವರ್ಷವಾಗಿತ್ತು, ಹಾಸನದಿಂದ ಅತ್ತೆಯವರೂ ಮಾವನವರೂ ಬಂದಿದ್ದರು. ಇಬ್ಬರೂ ಸಸ್ಯಾಹಾರಿಗಳು, ಅತ್ತೆಯವರು ಮೊಟ್ಟೆ ಬೆರೆತ ಕೇಕನ್ನೂ ಮುಟ್ಟುವುದಿಲ್ಲ, ಮಾವನವರು ತಪ್ಪದೆ ಏಕಾದಶಿ ಆಚರಿಸುತ್ತಾರೆ. ಎಪ್ಪತ್ತು ದಾಟಿದವರಿಗೆ ದಿನಕ್ಕೆ ಒಂದು ಹೊತ್ತಾದರೂ ತಂಪಾದ ಜಾಗದಲ್ಲಿ ಕುರ್ಚಿಯ ಮೇಲೆ ಕುಳಿತು ನಿಧಾನವಾಗಿ ಉಣ್ಣುವ ಅವಕಾಶವಿರಲೇಬೇಕು. ಆದ್ದರಿಂದ ಈ ಸಲ ನಾನು ಯೋಜನೆಯನ್ನು ತಿರುವುಮುರುವಾಗಿ ಆರಂಭಿಸಿದೆ: ಮೊದಲು ಐದು ಸಂಜೆಗಳನ್ನು ಗೊತ್ತುಮಾಡಿ, ಆಮೇಲೆ ಹಗಲನ್ನು ಅವುಗಳಿಗೆ ಹೊಂದಿಸಿದೆ.

ಹೀಗೆ ಮಾಡಲು ಮುಖ್ಯ ಕಾರಣ, ಅಲ್ಲಿನ ನಾಲ್ಕು ಉದ್ಯಾನಗಳ ಸಂಜೆಗಳು ಒಂದೇ ಬಗೆಯವಲ್ಲ. 1971ರಲ್ಲಿ ತೆರೆದ ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಕೋಟೆಯ ಮೇಲೆ ಬಾಣಬಿರುಸು ಹಾರುತ್ತದೆ. 1982ರ ಎಪ್ಕಾಟ್‌ನಲ್ಲಿ ಸರೋವರದ ಮೇಲೆ ಬೆಳಕು ಮತ್ತು ಬಾಣಬಿರುಸಿನ ಪ್ರದರ್ಶನವಿರುತ್ತದೆ. 1998ರ ಅನಿಮಲ್ ಕಿಂಗ್‌ಡಮ್ ಪ್ರಾಣಿಗಳಿರುವ ಜಾಗವಾದ್ದರಿಂದ ಅಲ್ಲಿ ಬಾಣಬಿರುಸಿಲ್ಲ, ಉಳಿದವುಗಳಿಗಿಂತ ಬೇಗ ಮುಚ್ಚುತ್ತದೆ. ಇದರ ಜೊತೆಗೆ ನಾವು ಹೋದದ್ದು ಅಕ್ಟೋಬರಿನಲ್ಲಿ. ಆ ತಿಂಗಳು ವಾರದ ಹಲವು ರಾತ್ರಿ ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಪ್ರತ್ಯೇಕ ಟಿಕೆಟಿನ ಹ್ಯಾಲೋವೀನ್ ಪಾರ್ಟಿ ನಡೆಯುತ್ತದೆ. ಸಾಮಾನ್ಯ ಟಿಕೆಟಿನವರು ಸಂಜೆ 6ಕ್ಕೆ ಹೊರಬರಬೇಕು. ಇದನ್ನು ತಿಳಿಯದೆ ಆ ದಿನವೇ ಹೋದವರಿಗೆ ರಾತ್ರಿಯ ನೋಟವೇ ತಪ್ಪಿಹೋಗುತ್ತದೆ. ಹಾಗಾಗಿ ಕ್ಯಾಲೆಂಡರಿನಲ್ಲಿ ಮೊದಲು ಪಾರ್ಟಿಯ ರಾತ್ರಿಗಳನ್ನು ಹೊಡೆದುಹಾಕಿದೆ, ಅದರ ಪಕ್ಕದಲ್ಲಿ ಪಂಚಾಂಗ ಇಟ್ಟುಕೊಂಡು ಏಕಾದಶಿಯನ್ನು ಗುರುತಿಸಿದೆ. ತಿಥಿಯನ್ನು ಸೂರ್ಯೋದಯಕ್ಕೆ ನೋಡುವುದರಿಂದ ಊರಿನ ಪಂಚಾಂಗದ ಏಕಾದಶಿ ಅಮೆರಿಕದಲ್ಲಿ ಒಮ್ಮೊಮ್ಮೆ ಹಿಂದಿನ ದಿನಕ್ಕೆ ಬೀಳುತ್ತದೆ. ಆರ್ಲ್ಯಾಂಡೊದ ಸೂರ್ಯೋದಯಕ್ಕೇ ಲೆಕ್ಕ ಹಾಕಿದ ದಿನವನ್ನು ತೆಗೆದುಕೊಂಡೆ.

ವಸತಿಗಾಗಿ ಪಕ್ಕದ ಊರಾದ ಕಿಸಿಮ್ಮಿಯಲ್ಲಿ ಅಡುಗೆಮನೆ ಇರುವ ಒಂದು ಬಾಡಿಗೆ ಮನೆಯನ್ನು ಹಿಡಿದೆವು. ಡಿಸ್ನಿಯದೇ ಹೋಟೆಲಿನಲ್ಲಿ ಇಳಿದುಕೊಳ್ಳುವವರಿಗೆ ಒಂದು ಅನುಕೂಲವಿದೆ: ಊಟದ ಮೇಜುಗಳ ಕಾಯ್ದಿರಿಸುವಿಕೆ 60 ದಿನ ಮೊದಲು ತೆರೆಯುವಾಗ, ಅವರು ತಮ್ಮ ಇಡೀ ವಾಸದ ಊಟಗಳನ್ನು, ಹತ್ತು ದಿನಗಳವರೆಗೆ, ಬಂದಿಳಿಯುವ ದಿನದ ಲೆಕ್ಕದಲ್ಲಿ ಒಂದೇ ಬಾರಿಗೆ ಕಾಯ್ದಿರಿಸಬಹುದು. ಹೊರಗೆ ಉಳಿಯುವ ನಮ್ಮಂಥವರು ಒಂದೊಂದು ದಿನಕ್ಕೂ ಅದರದರ 60ನೆಯ ದಿನದ ಬೆಳಿಗ್ಗೆ ಪ್ರತ್ಯೇಕವಾಗಿ ಕೂರಬೇಕು. ಬೆಳಿಗ್ಗೆ 6ಕ್ಕೆ ಮುಂಚೆಯೇ ಎದ್ದು, ಖಾತೆಗೆ ಲಾಗಿನ್ ಆಗಿ, ಕಾರ್ಡಿನ ವಿವರ ತುಂಬಿಟ್ಟುಕೊಂಡು ಕಾದೆ. ಆದರೂ ಮನೆಯ ಒಲೆ ನನಗೆ ಹೆಚ್ಚಿನದಾಗಿ ಕಂಡಿತು, ಅದಕ್ಕಾಗಿ ನಾಲ್ಕು ಬೆಳಗಿನ ನಿದ್ದೆಯನ್ನು ಬಿಟ್ಟುದಕ್ಕೆ ಬೇಸರವಿಲ್ಲ.

ಒಲೆಯಿದ್ದುದರಿಂದ ಮಧ್ಯಾಹ್ನದ ಊಟದ ಚಿಂತೆ ಬಹುಮಟ್ಟಿಗೆ ತಪ್ಪಿತು. ಡಿಸ್ನಿಯ ಉದ್ಯಾನಗಳೊಳಗೆ ನಮ್ಮ ತಿಂಡಿಯನ್ನು ಒಯ್ಯಲು ಅವಕಾಶವಿದೆ; ಗಾಜಿನ ಡಬ್ಬಿ ಮತ್ತು ಮದ್ಯ ಇರಬಾರದು, ಬಿಸಿ ಮಾಡಬೇಕಾದ ಪದಾರ್ಥವಾಗಿರಬಾರದು. ಚಿತ್ರಾನ್ನ, ಚಪಾತಿ ಪಲ್ಯ, ಬಾಳೆಹಣ್ಣು ಇವು ಚೀಲದಲ್ಲಿ ಹೋದವು. ಮೊಸರನ್ನ ಮಾತ್ರ ಬೆಳಿಗ್ಗೆ ಹಾಲು ಹಾಕಿ ಕಲಸಿ, ಐಸ್ ಪ್ಯಾಕ್ ಜೊತೆ ಇಟ್ಟುಕೊಂಡೆ, ಏಕೆಂದರೆ ಫ್ಲಾರಿಡಾದ ಸೆಕೆ ಅಕ್ಟೋಬರಿನಲ್ಲಿಯೂ ಕಡಿಮೆಯಾಗಿರುವುದಿಲ್ಲ. ಕೌಂಟರಿನಲ್ಲಿ ಊಟ ಕೊಡುವ ಅಂಗಡಿಗಳಲ್ಲಿ ಕೇಳಿದರೆ ಐಸ್ ಹಾಕಿದ ನೀರನ್ನು ಹಣ ತೆಗೆದುಕೊಳ್ಳದೆ ಕೊಡುತ್ತಾರೆ. ಮಧ್ಯಾಹ್ನದ ಖರ್ಚು ಹೀಗೆ ಉಳಿದುದರಿಂದಲೇ ಸಂಜೆಯ ಊಟಕ್ಕೆ ಧೈರ್ಯವಾಗಿ ಖರ್ಚು ಮಾಡಲು ಸಾಧ್ಯವಾಯಿತು. ಅಲ್ಲಿ ಪಟ್ಟಿಯ ಬೆಲೆಯ ಮೇಲೆ 6.5 ಪ್ರತಿಶತ ತೆರಿಗೆ, ಅದರ ಮೇಲೆ 18ರಿಂದ 20 ಪ್ರತಿಶತ ಟಿಪ್ಸ್ ಇರುತ್ತದೆ. 100 ಡಾಲರಿನ ಊಟಕ್ಕೆ 125ಕ್ಕಿಂತ ಸ್ವಲ್ಪ ಹೆಚ್ಚೇ ಬರೆದುಕೊಂಡು ಲೆಕ್ಕ ಹಾಕಿದ್ದೆ.

ಐದು ಜನರಿಗೆ ಒಂದೇ ಮೇಜು ಸಿಗುವುದು ಇಬ್ಬರಿಗೆ ಸಿಗುವಷ್ಟು ಸುಲಭವಲ್ಲ ಎಂಬುದು ಮೊದಲ ಬೆಳಿಗ್ಗೆಯೇ ತಿಳಿಯಿತು. ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಬೇಕಾಗಿದ್ದುದು ಸನಾ ಎಂಬ ರೆಸ್ಟೋರೆಂಟ್. ಅದು ಅನಿಮಲ್ ಕಿಂಗ್‌ಡಮ್ ಲಾಡ್ಜ್ ಎಂಬ ವಸತಿ ಹೋಟೆಲಿನ ಕಿಡಾನಿ ವಿಲೇಜ್ ಭಾಗದಲ್ಲಿದೆ. ಉದ್ಯಾನದ ಒಳಗಿಲ್ಲವಾದ್ದರಿಂದ ಟಿಕೆಟ್ ಬೇಡ, ಮೇಜು ಕಾಯ್ದಿರಿಸಿದವರು ಕಾರು ನಿಲ್ಲಿಸಲು ಶುಲ್ಕ ಕೊಡಬೇಕಾಗಿಲ್ಲ. ಅದರ ಕಿಟಕಿಗಳ ಹೊರಗೆ ಜಿರಾಫೆ, ಜೀಬ್ರಾಗಳು ಮೇಯುವ ಹುಲ್ಲುಗಾವಲಿದೆ. ಮೊದಲಿಗೆ ನನಗೆ ಸಿಕ್ಕಿದ್ದು ಸಂಜೆ 7:40ರ ಸಮಯ. ಅಕ್ಟೋಬರಿನ ನಡುವಿನಲ್ಲಿ ಅಲ್ಲಿ ಸೂರ್ಯ ಏಳು ಗಂಟೆಗೆ ಮುಂಚೆಯೇ ಮುಳುಗುತ್ತಾನೆ. ಕತ್ತಲಾದ ಮೇಲೆ ಕಿಟಕಿಯ ಬಳಿ ಕುಳಿತು ಪ್ರಯೋಜನವಿಲ್ಲ. ಆದರೂ ಆ ಮೇಜನ್ನು ಬಿಡದೆ ಇಟ್ಟುಕೊಂಡು, ದಿನಕ್ಕೆರಡು ಸಲ ಆ್ಯಪ್ ತೆರೆದು ನೋಡುತ್ತಿದ್ದೆ. ಬಹುತೇಕ ಕಡೆ ಊಟಕ್ಕೆ ಎರಡು ಗಂಟೆ ಮುಂಚಿನವರೆಗೂ ರದ್ದು ಮಾಡಬಹುದು. ಅದಕ್ಕಿಂತ ತಡಮಾಡಿದರೆ ಅಥವಾ ಹೋಗದಿದ್ದರೆ ತಲೆಗೆ 10 ಡಾಲರ್ ತೆರಬೇಕು. ಈ ನಿಯಮದಿಂದಾಗಿ ಜನ ಮೊದಲು ಹಿಡಿದಿಟ್ಟು ಆಮೇಲೆ ಬಿಡುವ ಮೇಜುಗಳು ಮತ್ತೆ ಮತ್ತೆ ಮೇಲೆ ಬರುತ್ತವೆ. ಸುಮಾರು ಮೂರು ವಾರದ ನಂತರ 5:10ರ ಸಮಯ ಕಾಣಿಸಿತು, ತಕ್ಷಣ ಬದಲಾಯಿಸಿಕೊಂಡೆ. ಸಿಗಲಿಲ್ಲವೆಂದು ಮೊದಲ ದಿನವೇ ಕೈಬಿಡಬಾರದೆಂದು ನಾನು ಯಾರಿಗಾದರೂ ಹೇಳುವುದು ಈ ಅನುಭವದಿಂದಲೇ.

ಅನಿಮಲ್ ಕಿಂಗ್‌ಡಮ್ ಉದ್ಯಾನವನ್ನು ಬೆಳಿಗ್ಗೆ ನೋಡಿ, ಮಧ್ಯಾಹ್ನ ಮೂರಕ್ಕೆ ಮನೆಗೆ ಬಂದು, ಒಂದು ಗಂಟೆ ಮಲಗಿ, ಸ್ನಾನ ಮಾಡಿ ಸನಾಗೆ ಹೋದೆವು. ಅಲ್ಲಿ ಆಫ್ರಿಕಾ ಮತ್ತು ಭಾರತದ ರುಚಿಗಳನ್ನು ಕೂಡಿಸಿ ಅಡುಗೆ ಮಾಡುತ್ತಾರೆ. ಎಲ್ಲರೂ ಕೇಳಿ ತರಿಸಿಕೊಳ್ಳುವುದು ರೊಟ್ಟಿಗಳ ತಟ್ಟೆ: ನಾನ್, ಈರುಳ್ಳಿ ಕುಲ್ಚಾ, ಪನೀರ್ ಪರಾಠದಂಥವು, ಅವುಗಳ ಜೊತೆ ಒಂಬತ್ತು ಬಗೆಯ ವ್ಯಂಜನಗಳು. ಮಾವಿನ ಚಟ್ನಿ, ಹುಣಸೆ ಚಟ್ನಿ, ಕೊತ್ತಂಬರಿ ಚಟ್ನಿ, ಸೌತೆಕಾಯಿ ರಾಯತ, ಬೆಳ್ಳುಳ್ಳಿ ಉಪ್ಪಿನಕಾಯಿ ಇವೆಲ್ಲ ಅದರಲ್ಲಿವೆ. ಮೊಟ್ಟೆಯ ವಿಚಾರವನ್ನು ನಾನು ಕಾಯ್ದಿರಿಸುವಾಗಲೇ ನಮೂದಿಸಿದ್ದೆ, ಮೇಜಿಗೆ ಬಂದಮೇಲೆ ಮತ್ತೊಮ್ಮೆ ಹೇಳಿದೆ. ಅಡುಗೆಯವರೇ ಬಂದು ಯಾವ ಪದಾರ್ಥದಲ್ಲಿ ಏನಿದೆ ಎಂದು ಅತ್ತೆಯವರಿಗೆ ಒಂದೊಂದಾಗಿ ವಿವರಿಸಿದರು. ಉಪ್ಪಿನಕಾಯಿಯನ್ನು ನಾಲಿಗೆಗೆ ಹಚ್ಚಿಕೊಂಡ ಅತ್ತೆಯವರು, "ಖಾರ ಸರಿಯಾಗಿದೆ ಕಣಮ್ಮ, ಒಂದು ಮುದ್ದೆ ಇದ್ದಿದ್ರೆ ಚೆನ್ನಾಗಿರೋದು" ಎಂದರು. ಮುಖ್ಯ ಊಟವನ್ನು ಎರಡೇ ತರಿಸಿ ಹಂಚಿಕೊಂಡೆವು, ಸಾಕಾಯಿತು. ಆರೂವರೆಗೆ ಹೊರಬಂದು ಬೆಳಕಿರುವವರೆಗೆ ಹುಲ್ಲುಗಾವಲಿನ ಅಂಚಿನಲ್ಲಿ ನಿಂತೆವು. ಐದೂ ಸಂಜೆಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಇದು. ಅನಿಮಲ್ ಕಿಂಗ್‌ಡಮ್‌ಗೆ ಹೋಗುವ ಪ್ರತಿಯೊಬ್ಬ ಸಸ್ಯಾಹಾರಿ ಕುಟುಂಬಕ್ಕೂ ಇದನ್ನು ಮನಃಪೂರ್ವಕವಾಗಿ ಹೇಳುತ್ತೇನೆ.

ಡಿಸ್ನಿಯ ಊಟದ ಪಟ್ಟಿಗಳಲ್ಲಿ ಕೆಲವು ಪದಾರ್ಥಗಳ ಪಕ್ಕ ಎಲೆಯ ಗುರುತು ಇರುತ್ತದೆ. ಅದರ ಅರ್ಥ ಮಾಂಸವಿಲ್ಲ ಎಂದಷ್ಟೇ ಅಲ್ಲ. ಹಾಲಿನ ಪದಾರ್ಥ, ಮೊಟ್ಟೆ, ಜೇನು ಕೂಡ ಇಲ್ಲವೆಂದು. ಅವಸರದಲ್ಲಿರುವಾಗ ಅತ್ತೆಯವರಿಗೆ ಆ ಗುರುತೇ ದಾರಿದೀಪವಾಯಿತು. ಆದರೆ ಚೀಸ್, ಪನೀರ್ ಹಾಕಿದ ನಮ್ಮ ಸಸ್ಯಾಹಾರಕ್ಕೆ ಆ ಗುರುತು ಬರುವುದಿಲ್ಲವಾದ್ದರಿಂದ, ಗುರುತಿಲ್ಲದ್ದನ್ನೆಲ್ಲ ತಿನ್ನಲಾಗದೆಂದು ಬಿಡಬೇಕಾಗಿಲ್ಲ, ಕೇಳಬೇಕು. ಅನ್ನವನ್ನು ಕೋಳಿಯ ಸಾರಿನಲ್ಲಿ ಬೇಯಿಸಿದ್ದೀರಾ ಎಂಬ ಪ್ರಶ್ನೆಯನ್ನು ನಾನು ಎಲ್ಲ ಕಡೆಯೂ ಕೇಳಿದೆ.

ಎಪ್ಕಾಟ್‌ನ ಸಂಜೆಯನ್ನು ಬಾಣಬಿರುಸಿನಿಂದ ಹಿಂದಕ್ಕೆ ಎಣಿಸಿದೆ. ಅಲ್ಲಿ ಸರೋವರದ ಸುತ್ತ ಹನ್ನೊಂದು ದೇಶಗಳ ಅಂಗಳಗಳಿವೆ, ಪೂರ್ತಿ ಸುತ್ತಿದರೆ 1.2 ಮೈಲಿ. ನಾವು ಹೋದ ದಿನ ಲ್ಯೂಮಿನಸ್ ಎಂಬ ಪ್ರದರ್ಶನ ರಾತ್ರಿ 9ಕ್ಕಿತ್ತು. ಹಿರಿಯರಿಗೆ ಕಂಬಿಯ ಬಳಿ ಜಾಗ ಸಿಗಬೇಕಾದರೆ 8:20ಕ್ಕೆ ಅಲ್ಲಿರಬೇಕು. ಊಟಕ್ಕೆ ಒಂದೂಕಾಲು ಗಂಟೆ, ನಡೆಯಲು ಒಂದಿಷ್ಟು ಹೊತ್ತು. ಆದ್ದರಿಂದ ಇಟಲಿಯ ಅಂಗಳದ ವಿಯಾ ನಾಪೊಲಿಯಲ್ಲಿ 6:35ಕ್ಕೆ ಮೇಜು. ಅಲ್ಲಿ ಎಟ್ನಾ, ವೆಸೂವಿಯೊ, ಸ್ಟ್ರಾಂಬೊಲಿ ಎಂದು ಇಟಲಿಯ ಜ್ವಾಲಾಮುಖಿಗಳ ಹೆಸರಿಟ್ಟ ಮೂರು ಸೌದೆ ಒಲೆಗಳಿವೆ, ಮಗಳು ಅವುಗಳ ಮುಂದಿನಿಂದ ಕದಲಲಿಲ್ಲ. ಮಾರ್ಗರೀಟಾ ಪಿಜ್ಜಾವನ್ನು ಐವರೂ ಹಂಚಿಕೊಂಡು ತಿಂದೆವು. ಮಧ್ಯಾಹ್ನದ ಬಿಸಿಲಿನಲ್ಲಿ ಸುತ್ತುವ ಬದಲು ನಾಲ್ಕು ಗಂಟೆಗೆ ಉದ್ಯಾನದೊಳಗೆ ಬಂದುದರಿಂದ ಮಾವನವರು ರಾತ್ರಿಯವರೆಗೂ ಉತ್ಸಾಹದಲ್ಲಿದ್ದರು.

ಮಗಳಿಗೆ ಮಿಕ್ಕಿ ಮೌಸ್ ಜೊತೆ ಕುಳಿತು ತಿನ್ನುವ ಆಸೆಯಿತ್ತು. ಅಂಥ ಊಟಗಳಿಗೆ ತಲೆಗಿಷ್ಟೆಂದು ನಿಗದಿಯಾದ ದರ. ಮೂರರಿಂದ ಒಂಬತ್ತು ವರ್ಷದವರೆಗೆ ಮಕ್ಕಳ ದರ, ಹತ್ತು ತುಂಬಿದರೆ ದೊಡ್ಡವರ ದರ. ಮೊಟ್ಟೆ, ಮಾಂಸಗಳೇ ಹೆಚ್ಚಿರುವ ಬಫೆಗೆ ಅತ್ತೆಮಾವನವರಿಗಾಗಿ ಪೂರ್ತಿ ಹಣ ಕೊಡುವುದು ನನಗೆ ಸರಿಯೆನಿಸಲಿಲ್ಲ. ಸಂಜೆಯ ಬದಲು ಒಂದು ಬೆಳಿಗ್ಗೆ ಮಗಳನ್ನೂ ಅವಳ ಅಪ್ಪನನ್ನೂ ಕಂಟೆಂಪರರಿ ಹೋಟೆಲಿನ ಶೆಫ್ ಮಿಕ್ಕೀಸ್‌ಗೆ ಕಳಿಸಿದೆ, ನಾವು ಮೂವರು ಮನೆಯಲ್ಲಿ ಉಪ್ಪಿಟ್ಟು ತಿಂದೆವು. ಇಡೀ ಕುಟುಂಬ ಎಲ್ಲ ಊಟಕ್ಕೂ ಒಟ್ಟಿಗೇ ಹೋಗಬೇಕೆಂಬ ನಿಯಮ ಇಟ್ಟುಕೊಂಡಿದ್ದರೆ ಇದು ಆಗುತ್ತಿರಲಿಲ್ಲ.

ಒಂದು ಸಂಜೆಯ ಲೆಕ್ಕ ತಪ್ಪಿತು. ಊರು ತಲುಪಿದ ಮೊದಲ ದಿನವೇ 8:15ಕ್ಕೆ ಅಂಗಡಿ, ರೆಸ್ಟೋರೆಂಟುಗಳ ತಾಣವಾದ ಡಿಸ್ನಿ ಸ್ಪ್ರಿಂಗ್ಸ್‌ನಲ್ಲಿ ಮೇಜು ಇಟ್ಟಿದ್ದೆ. ಅಲ್ಲಿ ಪ್ರವೇಶಕ್ಕೂ ಕಾರು ನಿಲ್ಲಿಸಲೂ ಹಣ ಬೇಡವೆಂಬುದು ನನ್ನ ಯೋಚನೆ. ನಾವಿರುವ ನಾರ್ತ್ ಕ್ಯಾರೊಲಿನಾದ ರಾಲಿಯಿಂದ ಹತ್ತು ಗಂಟೆ ಕಾರಿನಲ್ಲಿ ಕುಳಿತು ಬಂದವರಿಗೆ ಮತ್ತೆ ಹೊರಡುವ ಶಕ್ತಿಯಿರಲಿಲ್ಲ. ಐದೂವರೆಗೇ ರದ್ದು ಮಾಡಿ, ಅನ್ನಕ್ಕಿಟ್ಟು, ತಂದಿದ್ದ ಸಾರಿನ ಪುಡಿಯಲ್ಲಿ ಸಾರು ಮಾಡಿದೆ. ನಾಲ್ಕನೆಯ ಉದ್ಯಾನವಾದ ಹಾಲಿವುಡ್ ಸ್ಟುಡಿಯೋಸ್‌ನ ದಿನ ಅಲ್ಲಿನ ರಾತ್ರಿಯ ಪ್ರದರ್ಶನವನ್ನು ಬೇಕೆಂದೇ ಬಿಟ್ಟು, ಆರ್ಲ್ಯಾಂಡೊದ ಆರೆಂಜ್ ಬ್ಲಾಸಮ್ ಟ್ರೇಲ್ ರಸ್ತೆಯ ದಕ್ಷಿಣ ಭಾರತದ ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದೆವು. ನಾಲ್ಕನೆಯ ದಿನಕ್ಕೆ ಹಿರಿಯರಿಗೆ ಅದು ಬೇಕಾಗಿತ್ತು.

ಏಕಾದಶಿಯ ದಿನ ಮ್ಯಾಜಿಕ್ ಕಿಂಗ್‌ಡಮ್ ಇಟ್ಟುಕೊಂಡೆ, ಅದೃಷ್ಟಕ್ಕೆ ಅಂದು ಪಾರ್ಟಿ ಇರಲಿಲ್ಲ. ಮೇಜು ಕಾಯ್ದಿರಿಸಲೇ ಇಲ್ಲ. ಸಂಜೆ ಅಪ್ಪಮಗಳು ಆ್ಯಪ್‌ನಲ್ಲೇ ಆರ್ಡರ್ ಮಾಡಿ ತಿಂದು, ಕೋಟೆಯ ಮುಂದೆ ಜಾಗ ಹಿಡಿಯಲು ಒಳಗೇ ಉಳಿದರು. ನಾನು ಅತ್ತೆಮಾವನವರನ್ನು ಕರೆದುಕೊಂಡು ಮಾನೊರೇಲ್ ಹತ್ತಿ ಸರೋವರದ ಆಚೆಯ ಪಾಲಿನೇಷಿಯನ್ ಹೋಟೆಲಿನ ಮರಳದಂಡೆಗೆ ಬಂದೆ. ಅಲ್ಲಿಂದ ಕೋಟೆಯ ಮೇಲಿನ ಬಾಣಬಿರುಸು ದೂರದಿಂದ ಪೂರ್ತಿಯಾಗಿ ಕಾಣುತ್ತದೆ, ಪ್ರದರ್ಶನದ ಸಂಗೀತವೂ ದಂಡೆಯಲ್ಲಿ ಕೇಳಿಸುತ್ತದೆ, ನೂಕುನುಗ್ಗಲಿಲ್ಲ. 1971ರಿಂದ ನಡೆದುಬಂದಿರುವ ದೀಪಗಳ ತೇಲುವ ಮೆರವಣಿಗೆಯೂ ಅದೇ ನೀರಿನ ಮೇಲೆ ಹಾದುಹೋಗುತ್ತದೆ. ಮಾವನವರು ಆರಾಮ ಕುರ್ಚಿಯಲ್ಲಿ ಕುಳಿತು ಬಾಳೆಹಣ್ಣು, ಹುರಿದ ಶೇಂಗಾ ತಿನ್ನುತ್ತ ಎರಡನ್ನೂ ನೋಡಿದರು. ಉದ್ಯಾನದಿಂದ ಹೊರಡುವ ಜನ ಕರಗಲೆಂದು ಇನ್ನೂ ಅರ್ಧ ಗಂಟೆ ಅಲ್ಲಿಯೇ ಕುಳಿತಿದ್ದು, ಆಮೇಲೆ ಅಪ್ಪಮಗಳನ್ನು ಕೂಡಿಕೊಂಡೆವು. ಮರುದಿನ ಬೆಳಿಗ್ಗೆ ದ್ವಾದಶಿಯ ಪಾರಣೆಗೆ ಅನ್ನ, ತೊವ್ವೆ, ಮಜ್ಜಿಗೆ ಮಾಡಿ, ಎಂಟೂವರೆಗೆ ಎಲ್ಲರದೂ ಊಟವಾದ ಮೇಲೆ ಮನೆಯ ಬೀಗದ ಕೈ ಹಿಂದಿರುಗಿಸಿ ರಾಲಿಗೆ ಹೊರಟೆವು.