ದುಡ್ಡು ಕಟ್ಟಾಯ್ತು, ಟಿಕೆಟ್ ಬರಲಿಲ್ಲ. ಈಗೇನು?

ಕಲಬುರಗಿಯಿಂದ ಬೀದರ್‌ಗೆ ನನಗೆ ಟಿಕೆಟ್ ಚಿಂತೆಯಿಲ್ಲ. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಇದೆ. ವಿಳಾಸವಿರುವ ಗುರುತಿನ ಚೀಟಿ ತೋರಿಸಿ, ಶೂನ್ಯ ದರದ ಟಿಕೆಟ್ ಕೇಳಿ ಪಡೆಯಿರಿ. ಜೊತೆಗಿರುವ ಗಂಡಸರದ್ದೇ ಖರ್ಚು. 2025ರ ಜನವರಿಯಲ್ಲಿ ದರ ಶೇ 15 ಏರಿತು. ಅವತ್ತಿನಿಂದ ಬಸ್ಸಿನಲ್ಲಿ ಹುಮನಾಬಾದ್ ಬರುವವರೆಗೂ ರಾಜಕೀಯವೇ!

ತೊಂದರೆ ಶುರುವಾಗಿದ್ದು ಮಗನಿಗೆ ಆ್ಯಪ್‌ನಲ್ಲಿ ಬೆಂಗಳೂರಿನ ಸ್ಲೀಪರ್ ಬಸ್ ಬುಕ್ ಮಾಡುವಾಗ. ಆ ಆ್ಯಪ್‌ನಲ್ಲಿ ವಿಮೆಗೆ ಮೊದಲೇ ಟಿಕ್ ಹಾಕಿರುತ್ತಾರೆ. ಬೇಡ ಅನ್ನುವ ಬಟನ್ ಸಾಸಿವೆ ಕಾಳಿನಷ್ಟು. ದುಡ್ಡು ಕೊಡುವ ಮುಂಚೆ ಕೊನೆಯ ಮೊತ್ತವನ್ನು ಓದಿ.

ಯುಪಿಐನಲ್ಲಿ ಹಣ ಹೋಗಿ ಟಿಕೆಟ್ ಬರದಿದ್ದರೆ ಗಾಬರಿಯಿಂದ ಮತ್ತೆ ಒತ್ತಬೇಡಿ. ನಾನು ಒತ್ತಿದೆ, ಎರಡು ಸಲ ಹೋಯಿತು. ಮೊದಲು ಸ್ಕ್ರೀನ್‌ಶಾಟ್ ತೆಗೆಯಿರಿ, ಯುಟಿಆರ್ ಸಂಖ್ಯೆ (ಆ ಪಾವತಿಯ ಗುರುತಿನ ಸಂಖ್ಯೆ) ಬರೆದಿಡಿ. ವ್ಯಾಪಾರಿಗೆ ಕಟ್ಟಿದ ಹಣ ಅವರಿಗೆ ತಲುಪದೇ ಹೋದರೆ ಐದು ದಿನದೊಳಗೆ ವಾಪಸ್ ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಇದು ರಿಸರ್ವ್ ಬ್ಯಾಂಕಿನ 2019ರ ನಿಯಮ. ಬ್ಯಾಂಕಿನಲ್ಲಿ ಈ ಮಾತು ಹೇಳಿದರೆ ಅವರ ದನಿಯೇ ಬದಲಾಗುತ್ತದೆ, ನೋಡಿ.